ಬೇಡದ್ದನ್ನು ಬಿಡಿ, ಬೇಕಾದ್ದನ್ನು ಬಿಡಬೇಡಿ

ಮನೆ ಕಟ್ಟುವವರಿಗೆ, ಪುಟ ಕಟ್ಟುವವರಿಗೆ, ಆ್ಯಪ್ ಕಟ್ಟುವವರಿಗೆ ಮಿನಿಮಲಿಸಂನ ಕೆಲವು ಸೂತ್ರಗಳು

ಅಪಾರ್ಟ್‌ಮೆಂಟ್ ಜಾಹೀರಾತಿನಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ಈಗ ಎಲ್ಲೆಡೆ ಮಿನಿಮಲಿಸಂ ಮಾತು. ಬಿಳಿ ಗೋಡೆ, ಬೂದು ಸೋಫಾ, ಸಣ್ಣ ಅಕ್ಷರ, ಸುತ್ತ ಖಾಲಿ ಜಾಗ ಇಷ್ಟಿದ್ದರೆ ಆಯಿತು ಎಂದುಕೊಂಡವರೇ ಹೆಚ್ಚು. ಹಾಗೆ ಕಟ್ಟಿದ ಮನೆಯಲ್ಲಿ ಆರು ತಿಂಗಳೊಳಗೆ ಸಾಮಾನು ಇಡಲು ಜಾಗ ಸಾಲುವುದಿಲ್ಲ. ಹಾಗೆ ಮಾಡಿದ ಆ್ಯಪ್‌ನಲ್ಲಿ ದುಡ್ಡು ಕಟ್ಟುವ ಗುಂಡಿ ಎಲ್ಲಿದೆಯೆಂದು ಅಪ್ಪ ಮಗಳನ್ನು ಕರೆದು ಕೇಳಬೇಕಾಗುತ್ತದೆ. ಈ ದಾರಿಯಲ್ಲಿ ನಿಜಕ್ಕೂ ಗೆದ್ದವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಒಂದು ಲೆಕ್ಕ ಕಾಣುತ್ತದೆ: ಯಾವುದನ್ನು ತೆಗೆದಿರೋ ಅದು ಮಾಡುತ್ತಿದ್ದ ಕೆಲಸವನ್ನು ಉಳಿದದ್ದು ವಹಿಸಿಕೊಳ್ಳಬೇಕು. ವಹಿಸಿಕೊಂಡರೆ ವಿನ್ಯಾಸ ನಿಲ್ಲುತ್ತದೆ, ಇಲ್ಲವಾದರೆ ಬರೀ ಕೊರತೆಯಾಗಿ ಕಾಣುತ್ತದೆ.

1. ಕೆಲಸವೇನೆಂದು ಒಂದು ವಾಕ್ಯದಲ್ಲಿ ಬರೆಯಿರಿ

ಲಂಡನ್ ಸುರಂಗ ರೈಲಿನ ಸಿಗ್ನಲ್ ವಿಭಾಗದಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದುಡಿದಿದ್ದ ಹ್ಯಾರಿ ಬೆಕ್ 1931ರಲ್ಲಿ ಬಿಡುವಿನ ಹೊತ್ತಿನಲ್ಲಿ ಕೂತು ರೈಲು ಮಾರ್ಗಗಳ ಹೊಸ ನಕ್ಷೆಯೊಂದನ್ನು ತಯಾರಿಸಿದರು. ನೆಲದಡಿ ಕೂತ ಪ್ರಯಾಣಿಕರಿಗೆ ತಲೆಯ ಮೇಲೆ ಯಾವ ರಸ್ತೆ ಹೋಗುತ್ತಿದೆ, ಎರಡು ನಿಲ್ದಾಣಗಳ ನಡುವೆ ಎಷ್ಟು ದೂರ ಎಂಬುದರಿಂದ ಪ್ರಯೋಜನವಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಗಾಡಿ ಬದಲಿಸಬೇಕು, ಎಲ್ಲಿ ಇಳಿಯಬೇಕು, ಇಷ್ಟು ಗೊತ್ತಾದರೆ ಸಾಕು. ಬೆಕ್ ಎಲ್ಲ ಮಾರ್ಗಗಳನ್ನೂ ಅಡ್ಡ, ಉದ್ದ, 45 ಡಿಗ್ರಿ ಓರೆ ಗೆರೆಗಳಿಗೆ ಇಳಿಸಿದರು. ನೆಲದ ಮೇಲಿನ ಲೋಕದಿಂದ ಅವರು ಉಳಿಸಿಕೊಂಡದ್ದು ಥೇಮ್ಸ್ ನದಿಯೊಂದನ್ನೇ. ನದಿಯ ಆಚೆಯೋ ಈಚೆಯೋ ಎಂಬ ಒಂದು ಅಂದಾಜಿದ್ದರೆ ಲಂಡನ್ನಿಗರಿಗೆ ದಿಕ್ಕು ಸಿಗುತ್ತದೆ.

ಅಧಿಕಾರಿಗಳು ಮೊದಲು ಒಪ್ಪಲಿಲ್ಲ. 1933ರಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ಅಳತೆಯಲ್ಲಿ ಅಚ್ಚಾಗಿ ಬಂದಾಗ ಜನ ಮುಗಿಬಿದ್ದು ತೆಗೆದುಕೊಂಡರು. ನಮ್ಮ ಮೆಟ್ರೊ ಬೋಗಿಯಲ್ಲಿ ನಾವು ನೋಡುವ ನೇರ ಗೆರೆಯ ನಕ್ಷೆಯೂ ಅದೇ ವಂಶದ್ದು.

ನಿಮ್ಮ ಕೆಲಸಕ್ಕೂ ಅಂಥ ಒಂದು ವಾಕ್ಯ ಬರೆದು ಗೋಡೆಗೆ ಅಂಟಿಸಿ. ‘ಅಜ್ಜಿ, ನಾವಿಬ್ಬರು, ಎರಡು ಮಕ್ಕಳು ರಾತ್ರಿ ಒಟ್ಟಿಗೆ ಕೂತು ಉಣ್ಣುವ ಮನೆ’ ಎಂಬುದು ಕೆಲಸಕ್ಕೆ ಬರುವ ವಾಕ್ಯ. ‘ನೋಡಿದವರು ಬೆರಗಾಗಬೇಕು’ ಎಂಬುದರಿಂದ ಒಂದು ಕಿಟಕಿಯ ಜಾಗವೂ ತೀರ್ಮಾನವಾಗುವುದಿಲ್ಲ.

2. ತೆಗೆಯುವ ಮುನ್ನ ಪೆಟ್ಟು ಯಾರಿಗೆಂದು ನೋಡಿ

ಇಟಲಿಯಿಂದ ನ್ಯೂಯಾರ್ಕಿಗೆ ಬಂದು ನೆಲೆಸಿದ್ದ ಮಾಸಿಮೊ ವಿನ್ಯೆಲ್ಲಿ 1972ರಲ್ಲಿ ಅಲ್ಲಿನ ಸಬ್‌ವೇಗೆ ಬೆಕ್ ಮಾದರಿಯಲ್ಲೇ ನಕ್ಷೆ ಮಾಡಿಕೊಟ್ಟರು. ಪ್ರತಿ ಮಾರ್ಗಕ್ಕೊಂದು ಬಣ್ಣದ ಪಟ್ಟಿ, ಪ್ರತಿ ನಿಲ್ದಾಣಕ್ಕೊಂದು ಚುಕ್ಕಿ. ನೋಡಲು ಬಲು ಸೊಗಸು. ಆದರೆ ಉದ್ದಕ್ಕೆ ಚಾಚಿಕೊಂಡಿರುವ ಸೆಂಟ್ರಲ್ ಪಾರ್ಕ್ ಅದರಲ್ಲಿ ಚೌಕವಾಗಿತ್ತು, ಹಸಿರು ಹೋಗಿ ಬೂದು ಬಂದಿತ್ತು. ಸಂಖ್ಯೆಯ ಮೇಲೆ ಬೀದಿಗಳನ್ನು ಗುರುತಿಸಿ, ಊರಿನ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಓಡಾಡುವ ಜನರಿಗೆ ಅದು ಸರಿಬರಲಿಲ್ಲ. ದೂರುಗಳು ಬಂದವು. 1979ರಲ್ಲಿ ಊರಿನ ಭೂಗೋಳ ತೋರಿಸುವ ಬೇರೆ ನಕ್ಷೆ ಬಂತು.

ಬೀದಿಗಳೇ ಅಂಕುಡೊಂಕಾಗಿರುವ ಲಂಡನ್ನಿನಲ್ಲಿ ಭೂಗೋಳವನ್ನು ಬಿಟ್ಟದ್ದು ಉಪಕಾರವಾಯಿತು, ನ್ಯೂಯಾರ್ಕಿನಲ್ಲಿ ಅದೇ ನಷ್ಟವಾಯಿತು. ಕತೆ ಅಲ್ಲಿಗೆ ಮುಗಿಯಲಿಲ್ಲ. 2025ರಲ್ಲಿ ನ್ಯೂಯಾರ್ಕ್ ಮತ್ತೆ ನೇರ ಗೆರೆಗಳ ನಕ್ಷೆಗೆ ಮರಳಿದೆ. ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಸರಳ: ಬೀದಿ ತೋರಿಸುವ ಕೆಲಸವನ್ನು ಈಗ ಎಲ್ಲರ ಜೇಬಿನಲ್ಲಿರುವ ಫೋನು ವಹಿಸಿಕೊಂಡಿದೆ. ಹಾಗಾಗಿ ಏನನ್ನಾದರೂ ಅಳಿಸುವ ಮುನ್ನ ಕೇಳಿಕೊಳ್ಳಿ: ಇದರ ಕೆಲಸ ಇನ್ನುಮುಂದೆ ಯಾರದು?

3. ಬಿಳಿ ಬಣ್ಣಕ್ಕೆ ಶರಣಾಗಬೇಡಿ

1929ರ ಬಾರ್ಸಿಲೋನಾ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಮೀಸ್ ವಾನ್ ಡೆರ್ ರೋ ಮತ್ತು ಲಿಲಿ ರೈಖ್ ಕಟ್ಟಿದ ಜರ್ಮನಿಯ ಮಂಟಪ ಮಿನಿಮಲಿಸಂನ ಮೂಲ ಪಾಠ ಎಂದು ಹೆಸರಾಗಿದೆ. ಅದನ್ನು 1930ರಲ್ಲೇ ಬಿಚ್ಚಿ ತೆಗೆದರು. ಆಮೇಲಿನ ಐವತ್ತು ವರ್ಷ ಜಗತ್ತಿನ ವಿದ್ಯಾರ್ಥಿಗಳು ಅದನ್ನು ನೋಡಿದ್ದು ಕಪ್ಪು ಬಿಳುಪು ಫೋಟೊಗಳಲ್ಲಿ. 1986ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದಾಗ ಕಂಡದ್ದು ಹಸಿರು ಅಮೃತಶಿಲೆ, ಜೇನಿನ ಬಣ್ಣದ ಓನಿಕ್ಸ್ ಕಲ್ಲಿನ ಗೋಡೆ, ಕಡುಗೆಂಪು ಪರದೆ. ಕೆತ್ತನೆ ಒಂದೂ ಇಲ್ಲ, ಕಲ್ಲಿನ ಹುಟ್ಟುಗೆರೆಗಳೇ ಕೆತ್ತನೆಯ ಜಾಗ ತುಂಬಿದ್ದವು. ಮೆಕ್ಸಿಕೊ ನಗರದಲ್ಲಿ ಲೂಯಿಸ್ ಬರಗಾನ್ 1948ರಲ್ಲಿ ಕಟ್ಟಿಕೊಂಡ ಮನೆಯಲ್ಲೂ ಅಲಂಕಾರ ಕಡಿಮೆ, ಗುಲಾಬಿ ಮತ್ತು ಹಳದಿ ಗೋಡೆಗಳು ಧಾರಾಳ. 2004ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು.

ನಮ್ಮ ಹಳೆಯ ಮನೆಗಳ ಕೆಂಪು ಗಾರೆ ನೆಲ ನೆನಪಿಸಿಕೊಳ್ಳಿ. ಸಂದಿಲ್ಲ, ಚಿತ್ತಾರವಿಲ್ಲ, ಗೋಡೆಯಿಂದ ಗೋಡೆಗೆ ಒಂದೇ ಬಣ್ಣ. ಒರೆಸಿದಷ್ಟೂ ಹೊಳಪು, ಬೇಸಿಗೆಯಲ್ಲಿ ಬರಿಗಾಲಿಗೆ ತಂಪು. ಇಂಥ ನೆಲವನ್ನು ಅಗೆದುಹಾಕಿ ಬಿಳಿ ಟೈಲ್ಸ್ ಹಾಕಿಸಿ ಅದನ್ನು ಮಿನಿಮಲ್ ಎನ್ನುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

4. ಒಂದು ವಸ್ತುವಿಗೆ ಎರಡು ಕೆಲಸ ಕೊಡಿ

ಇದರಲ್ಲಿ ಲಾರಿ ಬೇಕರ್ ಅವರನ್ನು ಮೀರಿಸಿದವರು ಅಪರೂಪ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲಿ ನೆಲೆನಿಂತ ಬೇಕರ್, ಬಡವರ ಮನೆಯ ಖರ್ಚು ತಗ್ಗಿಸುವುದನ್ನೇ ಜೀವನದ ಕೆಲಸ ಮಾಡಿಕೊಂಡರು. ಅವರು ಬಳಕೆಗೆ ತಂದ ‘ರ‍್ಯಾಟ್ ಟ್ರ್ಯಾಪ್’ ಗೋಡೆಯಲ್ಲಿ ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ನಡುವೆ ಪೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಜೊತೆಗೆ ಆ ಪೊಳ್ಳಿನ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡದೆ ತಡೆಯುತ್ತದೆ. ಗಿಲಾವು ಇಲ್ಲ, ಬಣ್ಣ ಇಲ್ಲ. ಗಿಲಾವು ಮುಚ್ಚುತ್ತಿದ್ದ ಕೊರೆಗಳನ್ನು ಈಗ ಇಟ್ಟಿಗೆಯ ವರಸೆಯೇ ನೇರ್ಪಾಗಿ ನಿಂತು ತುಂಬಬೇಕು. ಆದ್ದರಿಂದ ಬೇಕರ್ ಕೆಲಸದ ಜಾಗದಲ್ಲೇ ಗಾರೆಯವರ ಜೊತೆ ನಿಂತು ಕಟ್ಟಿಸುತ್ತಿದ್ದರು.

ಕಿಟಕಿಯ ಚೌಕಟ್ಟು, ಗಾಜು, ಕಬ್ಬಿಣದ ಸರಳು, ಪರದೆ ಈ ನಾಲ್ಕನ್ನೂ ತೆಗೆದು ಅವರು ಎಷ್ಟೋ ಕಡೆ ಇಟ್ಟಿಗೆಯ ಜಾಲರಿ ಇಟ್ಟರು. ಗಾಳಿ ಬರುತ್ತದೆ, ಬೆಳಕು ಸೋಸಿಕೊಂಡು ಬರುತ್ತದೆ, ಕಳ್ಳ ಬರಲಾರ, ಹೊರಗಿನವರಿಗೆ ಒಳಗೇನೂ ಕಾಣದು. ಛಾವಣಿಯಲ್ಲಿ ಅವರು ನೆಚ್ಚಿದ್ದು ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳಭಾಗದಲ್ಲಿ ಕಂಬಿಗಳ ನಡುವಿನ ಕಾಂಕ್ರೀಟಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ಅಲ್ಲಿ ಮಂಗಳೂರು ಹೆಂಚುಗಳನ್ನು ಇಟ್ಟರೆ ಸಿಮೆಂಟು ಉಳಿಯುತ್ತದೆ, ಭಾರ ಇಳಿಯುತ್ತದೆ, ಕೆಳಗಿನಿಂದ ನೋಡಿದರೆ ಹೆಂಚೇ ಛಾವಣಿಯ ಅಲಂಕಾರ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಕಾರ್ಖಾನೆಯಿಂದ ಹೊರಟ ಹೆಂಚಿಗೆ ಬೇಕರ್ ಹೀಗೆ ಎರಡನೇ ಉದ್ಯೋಗ ಕೊಟ್ಟರು. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ಗೆ ಹೋದರೆ ಅವರ ಜಾಲರಿ ಗೋಡೆಗಳನ್ನು ಮುಟ್ಟಿ ನೋಡಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆಯ ಹಿಂದೆಯೂ ಇದೇ ವಿವೇಕವಿದೆ. ಅಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದರೆ, ಮಣ್ಣಿನ ಗುಣ ಸರಿಯಿದ್ದಲ್ಲಿ, ಪಾಯ ತೋಡಿದ ಮಣ್ಣೇ ಗೋಡೆಯಾಗುತ್ತದೆ. ಸುಡುವ ಸೌದೆ ಬೇಡ, ಮಣ್ಣು ಸಾಗಿಸುವ ಲಾರಿಯೂ ಬೇಡ.

ನಿಮ್ಮ ಎಸ್ಟಿಮೇಟ್ ಹಾಳೆ ತೆಗೆದು ಪ್ರತಿ ಸಾಲಿನ ಮುಂದೆ ಬರೆಯುತ್ತ ಹೋಗಿ: ಇದಕ್ಕೆ ಎರಡನೇ ಕೆಲಸ ಏನು? ಕಾಂಪೌಂಡ್ ಗೋಡೆ ಒಂದು ಕಡೆ ತಗ್ಗಿದರೆ ಜಗುಲಿ, ಮೆಟ್ಟಿಲ ಕೆಳಗೆ ಕಪಾಟು.

5. ಮುಚ್ಚಲು ಏನೂ ಇಲ್ಲದಿದ್ದರೆ ಮೇಸ್ತ್ರಿಯನ್ನು ಮೊದಲ ದಿನವೇ ಕರೆಯಿರಿ

ತಡಾವೊ ಆಂಡೊ ಬಾಕ್ಸಿಂಗ್ ಮಾಡಿಕೊಂಡಿದ್ದು, ಕಾಲೇಜಿಗೆ ಹೋಗದೆ ವಾಸ್ತುಶಿಲ್ಪ ಕಲಿತವರು. ಜಪಾನಿನ ಒಸಾಕಾ ಬಳಿಯ ಇಬರಾಕಿಯಲ್ಲಿ 1989ರಲ್ಲಿ ಮುಗಿದ ಅವರ ‘ಬೆಳಕಿನ ಚರ್ಚ್’ ಒಂದು ಕಾಂಕ್ರೀಟ್ ಪೆಟ್ಟಿಗೆ ಅಷ್ಟೇ. ವೇದಿಕೆಯ ಹಿಂದಿನ ಗೋಡೆಯನ್ನು ಶಿಲುಬೆಯ ಆಕಾರದಲ್ಲಿ ಸೀಳಿದ್ದಾರೆ. ವಿಗ್ರಹವಿಲ್ಲ, ಬಣ್ಣದ ಗಾಜಿಲ್ಲ, ಬೆಳಕೇ ಶಿಲುಬೆ. ಬೆಂಚುಗಳನ್ನು ಸಾರುವೆ ಕಟ್ಟಲು ಬಳಸುವಂಥ ಅಗ್ಗದ ಹಲಗೆಯಿಂದ ಮಾಡಿದ್ದಾರೆ.

ಇಷ್ಟು ಸರಳವಾದದ್ದು ನಿಂತಿರುವುದು ಬಡಗಿಗಳ ಕೈಚಳಕದ ಮೇಲೆ. ಆಂಡೊ ಬಳಸುವ ಸೆಂಟ್ರಿಂಗ್ ಹಲಗೆಗಳು ಜಪಾನಿ ಚಾಪೆಯ ಅಳತೆಯವು, ಸುಮಾರು 90 ಸೆಂಟಿಮೀಟರ್ ಅಗಲ, 180 ಸೆಂಟಿಮೀಟರ್ ಉದ್ದ. ಹಲಗೆಗಳ ಸಂದಿನ ಗೆರೆ, ಬೋಲ್ಟು ಬಿಗಿದ ತೂತುಗಳ ಸಾಲು ಎಲ್ಲವೂ ಕಾಂಕ್ರೀಟಿನಲ್ಲಿ ಹಾಗೆಯೇ ಉಳಿಯುತ್ತವೆ, ಆದ್ದರಿಂದ ಎಲ್ಲವೂ ಮೊದಲೇ ಲೆಕ್ಕ ಹಾಕಿದ್ದು.

ನಮ್ಮಲ್ಲಿ ಗಿಲಾವು ಇಲ್ಲದ ಕಾಂಕ್ರೀಟ್ ಬಯಸುವವರು ಈ ಭಾಗವನ್ನೇ ಮರೆಯುತ್ತಾರೆ. ಸ್ವಿಚ್ ಬಾಕ್ಸ್ ಎಲ್ಲಿ, ವೈರಿನ ಪೈಪು ಯಾವ ಕಡೆಯಿಂದ, ಫ್ಯಾನಿನ ಕೊಕ್ಕೆ ಎಲ್ಲಿ, ಗೀಸರ್ ನೀರಿನ ದಾರಿ ಯಾವುದು ಎಂಬುದು ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಅಂತಿಮವಾಗಿರಬೇಕು. ಆಮೇಲೆ ಉಳಿ ಹಿಡಿದು ಕೊರೆದರೆ ಆ ಗಾಯ ಮಾಯುವುದಿಲ್ಲ. ಸೈಟಿನ ಮೂಲೆಯಲ್ಲಿ ನಾಲ್ಕು ಅಡಿಯ ಒಂದು ಮಾದರಿ ಗೋಡೆ ಸುರಿಸಿ, ಹಲಗೆ ಬಿಚ್ಚಿ, ಎಲ್ಲಿ ಪೊಳ್ಳು ಬಿದ್ದಿದೆ, ಎಲ್ಲಿ ಸಿಮೆಂಟ್ ಹಾಲು ಸೋರಿದೆ ಎಂದು ಮೇಸ್ತ್ರಿಯ ಜೊತೆ ಕೂತು ನೋಡಿ. ಆ ಗೋಡೆಗೆ ಖರ್ಚಾದ ದುಡ್ಡು ದಂಡವಲ್ಲ.

ಇದೇ ಮಾತು ಗೋಡೆಯ ಬುಡಕ್ಕೂ. ವಿದೇಶಿ ಪತ್ರಿಕೆಗಳ ಚಿತ್ರ ನೋಡಿ ಸ್ಕರ್ಟಿಂಗ್ ಬೇಡ ಎನ್ನುವವರಿದ್ದಾರೆ. ನಾವು ದಿನಾ ನೀರು ಹಾಕಿ ನೆಲ ಒರೆಸುವ ಜನ. ಒದ್ದೆ ಬಟ್ಟೆ ತಾಗಿ ತಾಗಿ ಬುಡದಲ್ಲಿ ಕಪ್ಪು ಗೆರೆ ಮೂಡುತ್ತದೆ. ಸ್ಕರ್ಟಿಂಗ್ ಇರಲಿ, ಗಿಲಾವಿನ ಮಟ್ಟಕ್ಕೇ ಹುದುಗಿಸಿ ಕೂರಿಸಲು ಹೇಳಿ.

6. ಮಳೆ ಬಿಸಿಲಿನ ಅಭಿಪ್ರಾಯ ಕೇಳಿ

ಮೀಸ್ ಅವರದೇ ಇನ್ನೊಂದು ಕಟ್ಟಡ, ಅಮೆರಿಕದ ಇಲಿನಾಯ್ ರಾಜ್ಯದ ಪ್ಲೇನೊ ಬಳಿ ಫಾಕ್ಸ್ ನದಿಯ ದಡದಲ್ಲಿದೆ. 1951ರಲ್ಲಿ ಮುಗಿದ ಫಾರ್ನ್ಸ್‌ವರ್ತ್ ಮನೆ. ಎಂಟು ಉಕ್ಕಿನ ಕಂಬ, ನೆಲ, ಛಾವಣಿ, ಸುತ್ತ ಗಾಜು. ನೆರೆಗೆ ಅಂಜಿ ನೆಲವನ್ನು ಐದು ಅಡಿಗೂ ಮೇಲೆ ಎತ್ತಿದ್ದರು. ಫೋಟೊದಲ್ಲಿ ಅದರಷ್ಟು ಹಗುರವಾದ ಮನೆ ಇನ್ನೊಂದಿಲ್ಲ. ಕಟ್ಟಿಸಿದ ಡಾ. ಎಡಿತ್ ಫಾರ್ನ್ಸ್‌ವರ್ತ್ ಅವರಿಗೆ ಸಿಕ್ಕಿದ್ದು ಬೇಸಿಗೆಯ ಸೆಕೆ, ಮರೆಯಿಲ್ಲದ ಬದುಕು, ಏರಿದ ಖರ್ಚಿನ ಬಗ್ಗೆ ಕೋರ್ಟು ವ್ಯಾಜ್ಯ. ನದಿಯೂ ಸುಮ್ಮನಿರಲಿಲ್ಲ, 1954ರಲ್ಲಿ ನೀರು ಒಳಗೆ ನುಗ್ಗಿತು, 1996ರಲ್ಲಿ ಇನ್ನೂ ಜೋರಾಗಿ ನುಗ್ಗಿತು. ಗೋಡೆ ಮಾಡುತ್ತಿದ್ದ ಕೆಲಸವನ್ನು ಗಾಜು ವಹಿಸಿಕೊಳ್ಳಲಿಲ್ಲ.

ಈಗ ಅಹಮದಾಬಾದಿಗೆ ಬನ್ನಿ. ಸಾಬರಮತಿ ಆಶ್ರಮದಲ್ಲಿ ಚಾರ್ಲ್ಸ್ ಕೊರೆಯಾ ಕಟ್ಟಿದ ಗಾಂಧಿ ಸ್ಮಾರಕ ಸಂಗ್ರಹಾಲಯ 1963ರದ್ದು. ಇಟ್ಟಿಗೆಯ ಕಂಬಗಳು, ಹೆಂಚಿನ ಛಾವಣಿ, ಆರು ಮೀಟರಿಗೆ ಆರು ಮೀಟರಿನ ಅಂಕಣಗಳು. ಕೆಲವು ಅಂಕಣಗಳಿಗೆ ಗೋಡೆ ಇದೆ, ಕೆಲವು ಬಯಲು, ನಡುವೆ ಒಂದು ನೀರಿನ ಕೊಳ. ಕಿಟಕಿಗೆ ಗಾಜಿಲ್ಲ, ಮರದ ಪಟ್ಟಿಗಳನ್ನು ತಿರುಗಿಸಿ ಗಾಳಿ ಬೆಳಕು ಹೊಂದಿಸಬೇಕು. ವಸ್ತುಗಳ ಪಟ್ಟಿ ಮೀಸ್ ಮನೆಯಷ್ಟೇ ಚಿಕ್ಕದು. ಆದರೆ ಇಲ್ಲಿ ಬಿಸಿಲಿಗೆ ಉತ್ತರವಿದೆ.

ನಮ್ಮ ಹತ್ತಿರದಲ್ಲೇ ನೋಡಬೇಕೆಂದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ಬಿ.ವಿ. ದೋಷಿ ಅದನ್ನು ಒರಟು ಕಲ್ಲಿನಲ್ಲಿ, ಉದ್ದುದ್ದ ಪಡಸಾಲೆಗಳಲ್ಲಿ ಕಟ್ಟಿದರು. ಪಡಸಾಲೆಯ ಮೇಲಿನ ತೊಲೆಗಳ ಸಾಲಿನಿಂದ ಇಳಿಯುವ ನೆರಳು ಹೊತ್ತು ಹೊತ್ತಿಗೆ ಜಾಗ ಬದಲಿಸುತ್ತದೆ. ಬಳ್ಳಿ ಹಬ್ಬಿದ ಕಡೆ ತಂಪು ಬೇರೆ. ಬೆಂಗಳೂರಿನ ಹವೆಯಲ್ಲಿ ಮುಚ್ಚಿದ ಗಾಜಿನ ಕಟ್ಟಡ ಅನಗತ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

7. ಇಕ್ಕಟ್ಟಿನ ಸೈಟಿನಲ್ಲೂ ಆಕಾಶಕ್ಕೆ ಪಾಲು ಕೊಡಿ

20×30 ಸೈಟಿನಲ್ಲಿ ಒಂದಿಂಚೂ ಬಿಡದೆ ಕಟ್ಟುವುದೇ ಜಾಣತನ ಎಂದು ನಂಬಿದವರು ಆಂಡೊ 1976ರಲ್ಲಿ ಒಸಾಕಾದ ಸುಮಿಯೋಶಿಯಲ್ಲಿ ಕಟ್ಟಿದ ಸಾಲುಮನೆಯ ನಕ್ಷೆ ನೋಡಬೇಕು. ಅಕ್ಕಪಕ್ಕ ಒತ್ತಿಕೊಂಡ ಮನೆಗಳ ನಡುವೆ ಒಂದು ಕಿರಿದಾದ ಪಟ್ಟಿ. ಅದನ್ನು ಮೂರು ಭಾಗ ಮಾಡಿ ನಡುವಿನ ಭಾಗವನ್ನು ಆಕಾಶಕ್ಕೆ ಬಿಟ್ಟರು. ಬೆಳಕು, ಗಾಳಿ, ಮಳೆಯ ಸದ್ದು ಎಲ್ಲ ಅಲ್ಲಿಂದಲೇ. ನಮ್ಮ ತೊಟ್ಟಿಮನೆಯವರಿಗೆ ಇದು ಹೊಸತೇನಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು: ಆಂಡೊ ಮನೆಯಲ್ಲಿ ಮಳೆ ಬಂದಾಗ ಮುಂದಿನ ಕೋಣೆಯಿಂದ ಅಡುಗೆಮನೆಗೆ ಹೋಗಲು ಕೊಡೆ ಬೇಕು, ನಮ್ಮ ತೊಟ್ಟಿಯ ಸುತ್ತ ಸೂರಿನಡಿ ನಡೆಯುವ ದಾರಿ ಇರುತ್ತದೆ. ನನ್ನ ಮತ ತೊಟ್ಟಿಗೆ.

8. ಸಾಮಾನು ಎಣಿಸಿದ ಮೇಲೆ ಗೆರೆ ಎಳೆಯಿರಿ

ಖಾಲಿಯಾಗಿ ಕಾಣುವ ಮನೆಗೆ ಕಪಾಟು ಹೆಚ್ಚು ಬೇಕು. ವರ್ಷಕ್ಕೊಮ್ಮೆ ಇಳಿಸುವ ಗೊಂಬೆ ಪೆಟ್ಟಿಗೆ, ಹಬ್ಬದ ದೊಡ್ಡ ಪಾತ್ರೆ, ನೆಂಟರು ಬಂದಾಗಿನ ಹಾಸಿಗೆ, ಗ್ಯಾಸ್ ಸಿಲಿಂಡರ್, ಇಸ್ತ್ರಿ ಮೇಜು, ಚಪ್ಪಲಿ. ಇವಕ್ಕೆ ನಕ್ಷೆಯಲ್ಲಿ ಜಾಗ ತೋರಿಸದ ಆರ್ಕಿಟೆಕ್ಟ್ ಬಳಿ ಮತ್ತೆ ಹೋಗಿ ಕೇಳಿ. ಹಳೆಯವರ ಅಟ್ಟ ಈ ಕೆಲಸವನ್ನೇ ಮಾಡುತ್ತಿತ್ತು.

9. ಕನ್ನಡ ಅಕ್ಷರಕ್ಕೆ ಕನ್ನಡದ ಜಾಗ ಕೊಡಿ

ಯಾನ್ ಚಿಖೋಲ್ಡ್ ಎಂಬ ಜರ್ಮನ್ ಅಕ್ಷರ ವಿನ್ಯಾಸಕಾರ 1947ರಲ್ಲಿ ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನಕ್ಕೆ ಬಂದರು. ಪೆಂಗ್ವಿನ್‌ನವರು ಅಗ್ಗದ ಪುಸ್ತಕಗಳನ್ನು ಬೇರೆ ಬೇರೆ ಮುದ್ರಣಾಲಯಗಳಲ್ಲಿ ಅಚ್ಚು ಹಾಕಿಸುತ್ತಿದ್ದರು, ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಚಿಖೋಲ್ಡ್ ನಾಲ್ಕೇ ಪುಟಗಳ ನಿಯಮಾವಳಿ ಬರೆದರು. ಪದಗಳ ನಡುವೆ ಎಷ್ಟು ಜಾಗ, ದೊಡ್ಡಕ್ಷರಗಳ ನಡುವೆ ಎಷ್ಟು, ಪ್ಯಾರಾ ಎಷ್ಟು ಒಳಗಿಂದ ಶುರುವಾಗಬೇಕು ಎಂಬಂಥ ಪುಟ್ಟ ಪುಟ್ಟ ಮಾತುಗಳು. 1935ರಿಂದ ಬಂದಿದ್ದ ಮೂರು ಪಟ್ಟಿಯ ಮುಖಪುಟವನ್ನು ಅವರು ಕಿತ್ತೊಗೆಯಲಿಲ್ಲ, ಅಳತೆ ತಿದ್ದಿದರು. 1949ರಲ್ಲಿ ಹೊರಡುವಷ್ಟರಲ್ಲಿ ನೂರಾರು ಪುಸ್ತಕಗಳು ಅವರ ಕೈಯಡಿ ಸುಧಾರಿಸಿದ್ದವು. ಓದುಗರಲ್ಲಿ ಹೆಚ್ಚಿನವರಿಗೆ ಏನು ಬದಲಾಯಿತೆಂದು ಹೇಳಲು ಬರುತ್ತಿರಲಿಲ್ಲ, ಓದು ಮಾತ್ರ ಹಗುರವಾಯಿತು.

ಆ ನಿಯಮಗಳನ್ನು ಹಾಗೇ ತಂದು ಕನ್ನಡಕ್ಕೆ ತೊಡಿಸಿದರೆ ಅನಾಹುತ. ಇಂಗ್ಲಿಷಿನ ಸಾಲಿಗಿಂತ ನಮ್ಮ ಸಾಲು ಎತ್ತರ. ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು. ‘ರಾಷ್ಟ್ರೀಯ’ ಎಂದು ಬರೆದು ನೋಡಿ, ಷಕಾರದ ಜೊತೆಗೆ ಟ ಒತ್ತು, ರ ಒತ್ತು ಎರಡೂ ಬಂದು ಕೂರುತ್ತವೆ. ಇಂಗ್ಲಿಷಿಗೆಂದು ಹಾಕಿಟ್ಟ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಬಡಿಯುತ್ತದೆ. ಅಚ್ಚಿನಲ್ಲಿ 11 ಪಾಯಿಂಟ್ ಅಕ್ಷರಕ್ಕೆ 16 ಅಥವಾ 17 ಪಾಯಿಂಟ್ ಸಾಲು ಕೊಡಿ. ಪರದೆಯ ಮೇಲೆ ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇರಲಿ. ನಾನು ನೋಡಿದ ಎಷ್ಟೋ ಕನ್ನಡ ಆ್ಯಪ್‌ಗಳಲ್ಲಿ ‘ಸೆಟ್ಟಿಂಗ್ಸ್’ ಎಂಬ ಪದದ ಒತ್ತು ಗುಂಡಿಯ ಅಂಚಿಗೆ ಸಿಕ್ಕಿ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ. ಇಂಗ್ಲಿಷ್ ಪರದೆಯನ್ನು ಮೊದಲು ಕಟ್ಟಿ, ಕನ್ನಡವನ್ನು ಕೊನೆಯ ದಿನ ಸುರಿದರೆ ಹೀಗಾಗುತ್ತದೆ. ಕನ್ನಡದಲ್ಲೇ ಮೊದಲ ಪರದೆ ಕಟ್ಟಿ. ಕನ್ನಡ ಹಿಡಿಸುವ ಜಾಗದಲ್ಲಿ ಇಂಗ್ಲಿಷು ಆರಾಮವಾಗಿ ಕೂರುತ್ತದೆ.

ಇನ್ನೆರಡು ಮಾತು. ಒಂದೇ ಫಾಂಟು, ಎರಡು ದಪ್ಪ. ಒಂದು ಪುಸ್ತಕಕ್ಕೆ ಇಷ್ಟು ಧಾರಾಳ ಸಾಕು. ದುಂಡು ಅಕ್ಷರವನ್ನು ಯಂತ್ರದಲ್ಲಿ ಓರೆ ಮಾಡಬೇಡಿ, ಅಡ್ಡಡ್ಡ ಹಿಗ್ಗಿಸಬೇಡಿ.

10. ಲಗ್ನಪತ್ರಿಕೆಯಲ್ಲಿ ಹೆಸರು ಉಳಿಸಿ, ಬಳ್ಳಿ ತೆಗೆಯಿರಿ

ಮಿನಿಮಲ್ ಪತ್ರಿಕೆ ಬೇಕೆಂದ ಹುಡುಗ ಹುಡುಗಿ ಮೊದಲು ಕತ್ತರಿ ಹಾಕುವುದು ‘ಸುಖಾಗಮನ ಬಯಸುವವರು’ ಪಟ್ಟಿಗೆ. ಅಲ್ಲೇ ಮನೆಯಲ್ಲಿ ಜಗಳ ಶುರು. ದೊಡ್ಡಪ್ಪ, ಸೋದರತ್ತೆಯರ ಹೆಸರು ಅಲ್ಲಿರುವುದು ಅಲಂಕಾರಕ್ಕಲ್ಲ. ಆ ಹೆಸರು ನೋಡಿಯೇ ಇನ್ನೊಂದು ಊರಿನ ನೆಂಟರು ಇದು ಯಾರ ಮನೆಯ ಮದುವೆ ಎಂದು ತಿಳಿಯುತ್ತಾರೆ. ಹೆಸರುಗಳನ್ನು ಒಂದೇ ಅಳತೆಯ ಅಕ್ಷರದಲ್ಲಿ, ಎರಡು ಕಾಲಮ್ಮಿನಲ್ಲಿ, ಒಳಪುಟಕ್ಕೆ ಸರಿಸಿ. ಚಿನ್ನದ ಅಂಚು, ನಾಲ್ಕು ಮೂಲೆಯ ಬಳ್ಳಿ, ನೀರಿನಂತೆ ಹಿಂದೆ ತೇಲುವ ಕಲಶದ ಚಿತ್ರ, ಮೂರು ಬಗೆಯ ಫಾಂಟು ಹೋಗಲಿ. ಮೇಲೆ ಗಣಪತಿ, ಕುಲದೇವರ ಹೆಸರು ಇರಲಿ. ವಧು ವರರ ಹೆಸರು ಎಲ್ಲಕ್ಕಿಂತ ದೊಡ್ಡದು. ಮುಹೂರ್ತದ ದಿನ, ಹೊತ್ತು, ಕಲ್ಯಾಣ ಮಂಟಪದ ವಿಳಾಸ ಮೂರೂ ಒಂದೇ ಕಡೆ, ಅಜ್ಜನಿಗೆ ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡದಾಗಿ. ಆರತಕ್ಷತೆ ಬೇರೆ ದಿನವಿದ್ದರೆ ನಡುವೆ ಬೆರಳಗಲ ಖಾಲಿ ಬಿಡಿ. ಆ ಖಾಲಿ ಜಾಗ ಗೆರೆಗಿಂತ ಚೆನ್ನಾಗಿ ಎರಡನ್ನೂ ಬೇರ್ಪಡಿಸುತ್ತದೆ.

11. ಬಣ್ಣವನ್ನು ಕೆಲಸಕ್ಕೆ ಹಚ್ಚಿ

ಜರ್ಮನಿಯ ಬ್ರೌನ್ ಕಂಪನಿಗೆ 1955ರಲ್ಲಿ ಸೇರಿದ ಡೀಟರ್ ರಾಮ್ಸ್, ಡೀಟ್ರಿಖ್ ಲುಬ್ಸ್ ಜೊತೆ ಸೇರಿ 1987ರಲ್ಲಿ ಮಾಡಿದ ಇಟಿ 66 ಕ್ಯಾಲ್ಕುಲೇಟರನ್ನು ನೋಡಿ. ಮೈ ಕಪ್ಪು. ಅಂಕಿಯ ಗುಂಡಿಗಳು ಕಪ್ಪು, ಕೂಡುವ ಕಳೆಯುವ ಗುಂಡಿಗಳು ಕಂದು, ಸಮ ಚಿಹ್ನೆ ಒಂದೇ ಒಂದು ಹಳದಿ. ಗುಂಡಿಗಳು ಉಬ್ಬಿಕೊಂಡಿರುವುದರಿಂದ ಬೆರಳಿಗೆ ನೋಡದೆಯೂ ಸಿಗುತ್ತವೆ. ಲೆಕ್ಕದ ಕೊನೆಯಲ್ಲಿ ಕೈ ಎಲ್ಲಿಗೆ ಹೋಗಬೇಕೆಂದು ಬಣ್ಣ ಹೇಳುತ್ತದೆ. ಮೊದಲ ಐಫೋನುಗಳ ಕ್ಯಾಲ್ಕುಲೇಟರ್ ಇದರ ನೆರಳಿನಲ್ಲೇ ಹುಟ್ಟಿದ್ದು.

ನಿಮ್ಮ ಪರದೆಯಲ್ಲಿ ಎದ್ದು ಕಾಣುವ ಬಣ್ಣ ಒಂದೇ ಇರಲಿ, ಅದು ಜನ ಮಾಡಲು ಬಂದ ಮುಖ್ಯ ಕೆಲಸದ ಗುಂಡಿಗೆ ಮೀಸಲಾಗಿರಲಿ.

12. ತೆಗೆಯಿರಿ, ಬಚ್ಚಿಡಬೇಡಿ

ಎಲ್ಲವನ್ನೂ ಮೂರು ಗೆರೆಯ ಗುರುತಿನ ಹಿಂದೆ ತುರುಕಿ ಪರದೆ ಖಾಲಿ ಮಾಡುವುದು ಮಿನಿಮಲಿಸಂ ಅಲ್ಲ. ಭಾರ ಎಲ್ಲಿಗೂ ಹೋಗಿಲ್ಲ, ಬಳಸುವವರ ತಲೆಗೆ ಏರಿದೆ ಅಷ್ಟೇ. 2013ರಲ್ಲಿ ಆ್ಯಪಲ್ ತನ್ನ ಐಒಎಸ್ 7ರಲ್ಲಿ ಗುಂಡಿಗಳ ಅಂಚು, ನೆರಳು, ಉಬ್ಬು ಎಲ್ಲ ತೆಗೆದು ಸಪೂರ ಅಕ್ಷರ ತಂದಿತು. ಯಾವುದು ಗುಂಡಿ, ಯಾವುದು ಬರೀ ಬರಹ ಎಂದು ತಿಳಿಯದೆ ಹಲವರು ತಡಕಾಡಿದರು. ಮರುವರ್ಷದ 7.1ರಲ್ಲಿ ಗುಂಡಿಗಳ ಆಕಾರ ಕಾಣುವಂತೆ ಮಾಡಿಕೊಳ್ಳುವ ಆಯ್ಕೆಯನ್ನು ಕೊಡಬೇಕಾಯಿತು.

ಪಾಲಿಸಲೇಬೇಕಾದ ಕೆಲವು ಅಳತೆಗಳಿವೆ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ 4.5:1ಕ್ಕಿಂತ ಕಡಿಮೆ ಇರಬಾರದು ಎಂಬುದು ವೆಬ್‌ನ ಒಪ್ಪಿತ ಮಾನದಂಡ. ಬಿಳಿಯ ಮೇಲೆ ತಿಳಿಬೂದು ಅಕ್ಷರ ಇದರಲ್ಲಿ ನಪಾಸು. ಬೆರಳಿಟ್ಟು ಒತ್ತುವ ಜಾಗ ಐಫೋನಿನಲ್ಲಿ 44 ಪಾಯಿಂಟ್, ಆಂಡ್ರಾಯ್ಡ್‌ನಲ್ಲಿ 48 ಡಿಪಿಗಿಂತ ಚಿಕ್ಕದಾಗಬಾರದು. ಚಿತ್ರದ ಕೆಳಗೆ ಪದ ಬರೆಯಿರಿ: ‘ಬಿಲ್ ಕಟ್ಟಿ’, ‘ಹಿಂದಿನ ಬಿಲ್‌ಗಳು’, ‘ದೂರು’. ಪುಟದ ತೂಕವನ್ನೂ ಇಳಿಸಿ. ನೋಡಲು ಖಾಲಿಯಿದ್ದು, ಒಳಗೆ ಐದು ಫಾಂಟು, ದೊಡ್ಡ ವಿಡಿಯೊ ಹೊತ್ತ ಪುಟ ತೀರ್ಥಹಳ್ಳಿಯ ಮಳೆಗಾಲದ ನೆಟ್‌ವರ್ಕಿನಲ್ಲಿ ತೆರೆಯುವುದೇ ಇಲ್ಲ.

13. ಖಾಲಿ ಜಾಗದ ಬೆಲೆಯನ್ನು ಗಿರಾಕಿಗೆ ರಸ್ತೆಯಲ್ಲಿ ತೋರಿಸಿ

‘ಅಲ್ಲಿ ಜಾಗ ಖಾಲಿ ಇದೆಯಲ್ಲ, ಇನ್ನೊಂದು ಫೋನ್ ನಂಬರ್ ಹಾಕಿ’ ಎನ್ನುವ ಅಂಗಡಿ ಮಾಲೀಕರ ಮೇಲೆ ಸಿಟ್ಟಾಗಬೇಡಿ. ಬೋರ್ಡಿಗೆ ಅವರು ಚದರ ಅಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದಾರೆ, ಖಾಲಿ ಬಿಟ್ಟದ್ದು ನಷ್ಟ ಎನಿಸುವುದು ಸಹಜ. ತತ್ವ ಹೇಳಲು ಹೋಗಬೇಡಿ, ಲೆಕ್ಕ ತೋರಿಸಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಬೈಕಿನವರಿಗೆ 50 ಮೀಟರ್ ದೂರದಿಂದ ಬೋರ್ಡು ಕಂಡರೆ, ಓದಲು ಸಿಗುವುದು ಆರು ಸೆಕೆಂಡು, ಅದೂ ಗುಂಡಿ, ಬಸ್ಸು, ಹಸುಗಳ ನಡುವೆ. ಆರು ಸೆಕೆಂಡಿನಲ್ಲಿ ಅಂಗಡಿಯ ಹೆಸರು ಮತ್ತು ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಓದಬಹುದು. ಎರಡು ನಮೂನೆ ಅಚ್ಚು ಹಾಕಿಸಿ ರಸ್ತೆಯ ಆಚೆ ಕಟ್ಟಿ, ಮಾಲೀಕರನ್ನು ಈಚೆ ನಿಲ್ಲಿಸಿ. ತೀರ್ಮಾನ ಅವರೇ ಮಾಡುತ್ತಾರೆ.

14. ಅಂಟಿಸಿದ ಚೀಟಿಗಳನ್ನು ಓದಿ

ಕೆಲಸ ಮುಗಿಸಿ ಫೋಟೊ ತೆಗೆಸಿದ ಮೇಲೆ ಹೆಚ್ಚಿನ ವಿನ್ಯಾಸಕಾರರು ಆ ಕಡೆ ತಲೆ ಹಾಕುವುದಿಲ್ಲ. ನೀವು ಒಂದು ವರ್ಷ ಬಿಟ್ಟು ಹೋಗಿ. ಗಾಜಿನ ಬಾಗಿಲಿಗೆ ‘ದೂಡಿ’ ಎಂದು ಕೈಬರಹದ ಚೀಟಿ ಅಂಟಿಸಿದ್ದರೆ ಆ ಹಿಡಿ ತನ್ನ ಕೆಲಸ ಮಾಡುತ್ತಿಲ್ಲ. ಒಂದೇ ಥರದ ಎಂಟು ಸ್ವಿಚ್‌ಗಳ ಮೇಲೆ ಪೆನ್ನಿನಲ್ಲಿ ‘ಫ್ಯಾನ್’, ‘ದೇವರ ಮನೆ’ ಎಂದು ಬರೆದಿದ್ದರೆ ಸ್ವಿಚ್ ಬೋರ್ಡು ಸರಳವಾಗಿದೆ, ಬಳಕೆ ಸರಳವಾಗಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಕಿಟಕಿ ಸರಳಿನಿಂದ ಪೈಪಿಗೆ ಹಗ್ಗ ಬಿಗಿದಿದ್ದರೆ ಅಲ್ಲೊಂದು ಕೊಕ್ಕೆ ಬೇಕಿತ್ತು. ಆ್ಯಪ್ ಮಾಡುವವರಿಗೆ ಇಂಥ ಚೀಟಿಗಳು ಸಹಾಯವಾಣಿಗೆ ಬರುವ ಕರೆಗಳಲ್ಲಿ ಸಿಗುತ್ತವೆ. ವಾರಕ್ಕೊಂದು ದಿನ ಅಲ್ಲಿ ಕೂತು ಕೇಳಿಸಿಕೊಳ್ಳಿ.

ಅಂಥ ಪ್ರತಿಯೊಂದು ಚೀಟಿ, ಹಗ್ಗ, ಕರೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಗಿರಾಕಿಯ ಜೊತೆ ಮೊದಲ ಸಲ ಕೂರುವಾಗ ನಿಮ್ಮ ಹಳೆಯ ಕೆಲಸಗಳ ಚಂದದ ಫೋಟೊಗಳ ಜೊತೆ ಆ ಪಟ್ಟಿಯನ್ನೂ ಮೇಜಿನ ಮೇಲಿಟ್ಟು ಮಾತು ಶುರುಮಾಡಿ.